ಒತ್ತಿ ಹಿಡಿ ಎಂದವರು

ಅವರ ಮುಖ ನನಗೆ ಸರಿಯಾಗಿ ನೆನಪಿಲ್ಲ. ಬಲಗಾಲು ನೆನಪಿದೆ.

ಗಾಡಿಯ ಬ್ರೇಕು ನೋಡುವಾಗ ಅವರು ಬಲಗಾಲಿನ ಚಪ್ಪಲಿಯನ್ನು ಮಾತ್ರ ಬಿಡುತ್ತಿದ್ದರು. ಎಣ್ಣೆ ಕುಡಿದು ಕರ್ರಗಾದ ಷೆಡ್ಡಿನ ನೆಲದ ಮೇಲೆ ಅದನ್ನು ಬಿಟ್ಟು, ಬರಿಗಾಲನ್ನು ಪೆಡಲಿನ ಮೇಲಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಡುತ್ತಿದ್ದರು, ವೈದ್ಯರು ನಾಡಿ ಹಿಡಿದು ಕೂರುವ ಹಾಗೆ. ಹೆಬ್ಬೆರಳಿನ ಉಗುರು ಎಂದೋ ಜಜ್ಜಿ ಕಪ್ಪಾಗಿತ್ತು. ಗಾಡಿ ತೆಗೆದುಕೊಂಡು ಇಂಡಿ ರಸ್ತೆಯಲ್ಲಿ ಒಂದು ಸುತ್ತು ಹೋಗಿಬರುವವರೆಗೆ ಆ ಒಂಟಿ ಚಪ್ಪಲಿ ಅಲ್ಲೇ ಬಿದ್ದಿರುತ್ತಿತ್ತು.

ಇಷ್ಟು ಬರೆದ ಮೇಲೆ ಅನುಮಾನ. ಎರಡೂ ಚಪ್ಪಲಿ ಬಿಡುತ್ತಿದ್ದರೋ ಏನೋ. ಒಂಟಿ ಚಪ್ಪಲಿ ಬರೆಯಲು ಚೆಂದ, ಆದ್ದರಿಂದ ನೆನಪು ಇನ್ನೊಂದನ್ನು ಕದ್ದಿರಬಹುದು. ನನ್ನ ನೆನಪು ನನಗೆ ಅನುಕೂಲವಾದದ್ದನ್ನೇ ತಂದುಕೊಡುತ್ತದೆ. ಆದ್ದರಿಂದ ಇಲ್ಲಿ ಮೊದಲು ಬರೆದದ್ದನ್ನು ಮುಂದೆ ನಾನೇ ತಿದ್ದಬೇಕಾಗಬಹುದು. ತಿದ್ದಿದರೂ ಮೊದಲಿನದನ್ನು ಹೊಡೆದುಹಾಕುವುದಿಲ್ಲ. ಎರಡೂ ಇರಲಿ.

ಹೆಸರು ಬರೆಯುವುದಿಲ್ಲ. ಸಿಂದಗಿಯಿಂದ ಇಂಡಿಗೆ ಹೋಗುವ ರಸ್ತೆಯ ಪಕ್ಕ ಷೆಡ್ಡು ಹಾಕಿಕೊಂಡು ಪಿಕಪ್ ಗಾಡಿಗಳ ಬ್ರೇಕು ದುರಸ್ತಿ ಮಾಡುತ್ತಿದ್ದ ಒಬ್ಬ ಮಿಸ್ತ್ರಿ ಎಂದರೆ ಸಾಕು. ಆ ಮಿಸ್ತ್ರಿಯ ಹೆಸರು ಒಮ್ಮೆ ಕೆಟ್ಟಿತು. ಕೆಡಿಸಿದವನು ನಾನು. ಅವರು ತೀರಿಕೊಂಡದ್ದರಿಂದ ಅದನ್ನು ಅವರ ಮುಂದೆ ಹೇಳುವ ಅವಕಾಶ ಹೋಗಿದೆ. ಇನ್ನು ಯಾರ ಮುಂದೆ ಹೇಳಬೇಕು ಎನ್ನುವುದೇ ಈಗ ನನ್ನ ತೊಡಕು.

ನನ್ನದು ನಿಂಬೆಯ ವ್ಯಾಪಾರ. ಇಂಡಿ, ಹೊರ್ತಿ ಸುತ್ತಿನ ತೋಟಗಳಿಂದ ಕಾಯಿ ಎತ್ತಿ, ಇಂಡಿಯ ನನ್ನ ಗೋದಾಮಿನಲ್ಲಿ ಆರಿಸಿ, ಚೀಲ ತುಂಬಿ ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಪೇಟೆಗಳಿಗೆ ಕಳಿಸುತ್ತೇನೆ. ಅದಕ್ಕಾಗಿ ಒಂದು ಹೊಸ ಪಿಕಪ್ ತೆಗೆದುಕೊಂಡಿದ್ದೆ. ಓಡಿಸುತ್ತಿದ್ದವನು ಮಾಳಪ್ಪ. ಮೊದಲು ಟ್ರ್ಯಾಕ್ಟರು, ಆಮೇಲೆ ಯಾರದೋ ಹಳೆಯ ಜೀಪು ಓಡಿಸಿ ಕೈ ಪಳಗಿದವನು. ದೇವರ ಭಯ ಬಹಳ. ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು, ಕಾಯಿ ಒಡೆದು, ಮುಂದಿನ ಬಂಪರಿಗೆ ನಿಂಬೆ ಮೆಣಸಿನಕಾಯಿ ಕಟ್ಟುತ್ತಿದ್ದ. ಒಂದು ಅಮಾವಾಸ್ಯೆಯಂದು ನಾಲ್ಕು ಜನರೆದುರು ಅದನ್ನು ಕಿತ್ತು ಒಗೆದಿದ್ದೆ.

"ಗಾಡಿ ತುಂಬ ಲಿಂಬಿ ಹೇರಿರತೈತಿ. ಮುಂದ ಕಟ್ಟಿದ್ದ ಒಂದ ಲಿಂಬಿ ಏನ್ ಕಾಯ್ತೈತೋ ಹುಚ್ಚಪ್ಪಾ?"

ಎಲ್ಲರೂ ನಕ್ಕರು. ಮಾಳಪ್ಪನೂ ನಕ್ಕ. ಆಮೇಲೆ ಮುಂದೆ ಏನೂ ಕಟ್ಟಲಿಲ್ಲ.

ಕೆಲವೇ ತಿಂಗಳಿಗೆ, ಗಾಡಿ ಬಂದ ಎರಡನೆಯ ಮಳೆಗಾಲದಲ್ಲಿ, ದೀಪ ಹತ್ತಿತು. ಸ್ಟೇರಿಂಗಿನ ಹಿಂದೆ, ಮೀಟರಿನ ಮುಳ್ಳುಗಳ ನಡುವೆ, ಹಳದಿ ಬಣ್ಣದ ದುಂಡು ದೀಪ, ಅದರೊಳಗೆ ಎಬಿಎಸ್ ಎಂಬ ಮೂರು ಅಕ್ಷರ, ಒತ್ತಿದ ಬ್ರೇಕಿಗೆ ಗಾಲಿ ಕಚ್ಚಿಕೊಳ್ಳದಂತೆ ಕಾಯುವ ಏರ್ಪಾಡಿನ ಹೆಸರು. ಮಾಳಪ್ಪ ಎರಡು ದಿನ ಅದರ ಮೇಲೆ ದೇವರ ಸ್ಟಿಕ್ಕರ್ ಅಂಟಿಸಿಕೊಂಡು ಓಡಿಸಿದ. ಮೂರನೆಯ ದಿನ ನನಗೆ ಗೊತ್ತಾಗಿ, ಅವನನ್ನು ಬೈಯುತ್ತ ಅವನ ಪಕ್ಕದಲ್ಲೇ ಕೂತು ಸಿಂದಗಿಗೆ ಹೋದೆ. ಪಿಕಪ್ಪಿನವರೆಲ್ಲ ಆ ಮಿಸ್ತ್ರಿಯ ಹೆಸರನ್ನೇ ಹೇಳುತ್ತಿದ್ದರು.

ಅವರು ಒಳಗೆ ಬಗ್ಗಿ ಸ್ಟಿಕ್ಕರ್ ನೋಡಿದರು.

"ದೇವರನ್ನ ಎಲ್ಲಿ ಡ್ಯೂಟಿಗೆ ಹಾಕೀಯೋ ತಮ್ಮಾ? ಇಲ್ಲಿ ಸೆಕಿ ಭಾಳ ಇರತೈತಿ."

ಉಗುರಿನಿಂದ ಅಂಚು ಎಬ್ಬಿಸಿ, ಹರಿಯದ ಹಾಗೆ ಬಿಡಿಸಿ, ಮುಂದಿನ ಗಾಜಿನ ಮೇಲ್ಗಡೆ ಅಂಟಿಸಿದರು. ಹೆಬ್ಬೆರಳಿನಿಂದ ಒತ್ತಿ ಸರಿ ಮಾಡಿದರು. ಕೆಳಗೆ ದೀಪ ಉರಿಯುತ್ತಿತ್ತು.

ಜಾಕ್ ಹಚ್ಚಿ, ಒಂದೊಂದೇ ಗಾಲಿ ಎತ್ತಿ, ಕೈಯಿಂದ ತಿರುಗಿಸಿ ಕಿವಿ ಹಚ್ಚಿದರು. ಹಿಂದಿನ ಎಡಬದಿಯ ಗಾಲಿಗೆ ಬಂದಾಗ ತಿರುಗಿಸುವುದು ನಿಂತಿತು. ಗಾಡಿಯ ಕೆಳಗೆ ತೂರಿದರು. ಮಾಳಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ನಾನು ರಸ್ತೆಯಾಚೆ ಚಹಾ ಕುಡಿಯುತ್ತಿದ್ದೆ. ಇಬ್ಬರೂ ಏನೋ ಮಾತಾಡಿದ್ದು ಕಂಡಿತು, ಕೇಳಿಸಲಿಲ್ಲ. ನಾನು ಮರಳಿ ಬರುವಷ್ಟರಲ್ಲಿ ಅವರು ಕೈ ಒರೆಸಿಕೊಳ್ಳುತ್ತಿದ್ದರು.

"ಗಾಲಿಯೊಳಗ ಒಂದ ಹಲ್ಲಿನ ಬಳೆ ಇರತೈತಿ ಮಾಲಕ್ರ, ಅದರ ಎದುರಿಗೆ ಒಂದ ಸೆನ್ಸರ್. ಅದು ಕಣ್ಣ ಇದ್ದಂಗ. ಗಾಲಿ ಎಷ್ಟ ಜೋರ್ ತಿರಗಾಕತ್ತೈತಿ ಅಂತ ನೋಡತಿರತೈತಿ. ಕಣ್ಣಾಗ ಕಸ ಬಿತ್ತಂದ್ರ ಲೆಕ್ಕ ತಪ್ತೈತಿ. ಆಗ ದೀಪ ಹಚ್ಚಿ, ನಾ ಇನ್ನ ಕೆಲಸಕ್ಕ ಬರಂಗಿಲ್ಲ, ನೀವ ನೋಡಕೋರಿ ಅಂತೈತಿ."

"ಎಂಥಾ ಕಸ ಸಿಕ್ಕಿತ್ತು?"

"ರಸ್ತಾದಾಗ ಎಲ್ಲಾ ಇರತೈತ್ರಿ. ತಗದೇನಿ."

ಮಾಳಪ್ಪ ಬೇರೆ ಕಡೆ ನೋಡುತ್ತಿದ್ದ. ನಾನು ಮತ್ತೆ ಕೇಳಲಿಲ್ಲ.

ಕೆಲಸ ಮುಗಿಯಿತು ಎಂದುಕೊಂಡರೆ ಅವರು ಬಿಡಲಿಲ್ಲ. ಮಾಳಪ್ಪನನ್ನು ಸ್ಟೇರಿಂಗಿಗೆ ಕೂರಿಸಿ, ತಾವು ನಡುವೆ ಕೂತು, ನನ್ನನ್ನೂ ಬಾಗಿಲಿನ ಬದಿಗೆ ಹತ್ತಿಸಿಕೊಂಡರು. ಸ್ವಲ್ಪ ದೂರದಲ್ಲಿ ಹೊಲಗಳ ನಡುವೆ ಒಂದು ಕಚ್ಚಾ ದಾರಿ. ಹಿಂದಿನ ದಿನದ ಮಳೆಗೆ ಎರೆಮಣ್ಣು ಬೆಣ್ಣೆಯಾಗಿತ್ತು.

"ಓಡಸು. ಇನ್ನ ಜೋರ್. ಹ್ಞಾಂ, ಈಗ ಬ್ರೇಕ್ ಒತ್ತು!"

ಮಾಳಪ್ಪ ಒತ್ತಿದ. ಪೆಡಲು ಟಕಟಕ ಎಂದು ಅವನ ಕಾಲಿಗೆ ಹೊಡೆಯಿತು. ಕೂಡಲೇ ಕಾಲು ತೆಗೆದುಬಿಟ್ಟ.

"ಯಪ್ಪಾ! ಒದೀತೈತಿ ಕಾಕಾ!"

"ಒದೀಲಿ. ಎತ್ತು ಒದ್ರ ಹಗ್ಗ ಬಿಡ್ತೀಯೇನು? ಮತ್ತ ಒತ್ತು."

ನಾಲ್ಕೈದು ಸಲ ಮಾಡಿಸಿದರು. ಕೊನೆಗೆ ಮಾಳಪ್ಪ ಕಾಲು ತೆಗೆಯದೆ ಒತ್ತಿ ಹಿಡಿದ. ಗಾಡಿ ಆ ಕೆಸರಿನಲ್ಲೂ ಸ್ಟೇರಿಂಗಿನ ಮಾತು ಕೇಳುತ್ತ, ಗಡಗಡ ಎನ್ನುತ್ತ, ನೇರವಾಗಿ ನಿಂತಿತು. ಆಗ ಹೇಳಿದರು. ಈ ಮಾತುಗಳನ್ನು ನಾನು ಅನುಮಾನಿಸುವುದಿಲ್ಲ, ಏಕೆಂದರೆ ಇವು ನನಗೆ ಅನುಕೂಲದವಲ್ಲ.

"ಎರಡ ಮಾತ ಐತಿ. ಎರಡೂ ನೆನಪಿಡು. ದೀಪ ಆರಿತ್ತಂದ್ರ ಒತ್ತಿ ಹಿಡಿ, ಏನಾದ್ರೂ ಆಗಲಿ, ಬಿಡಬ್ಯಾಡ. ಗಾಲಿ ಬಿಟ್ಟ ಹಿಡಿಯೂದು ಅದ ನೋಡಕೋತೈತಿ. ದೀಪ ಹತ್ತಿತ್ತಂದ್ರ ಇದು ನಿನ್ನ ಹಳೇ ಜೀಪ್. ಆಗ ನೀನ ಬಿಟ್ಟ ಬಿಟ್ಟ ಒತ್ತಬೇಕು. ಒತ್ತಿ ಹಿಡದಿ ಅಂದ್ರ ಗಾಲಿ ಜಾಮ್ ಆಗಿ ಜಾರಿ ಹೋಗ್ತಿ. ತಿಳೀತೇನು?"

"ತಿಳೀತು ಕಾಕಾ."

"ಮಾಲಕ್ರ, ನಿಮಗ?"

"ನನಗ್ಯಾಕ್ರಿ? ನಾ ಓಡಸಂಗಿಲ್ಲ."

"ಗಾಡಿ ನಿಮ್ಮದಲ್ರಿ," ಎಂದರು.

ಆಮೇಲೆ ಸಿಂದಗಿಗೆ ಹೋದಾಗಲೆಲ್ಲ ಅಲ್ಲಿ ಹೋಗಿ ಕೂರುವುದು ನನಗೆ ರೂಢಿಯಾಯಿತು. ಅವರು ಕೈಕೆಳಗೆ ಯಾರನ್ನೂ ಇಟ್ಟುಕೊಂಡಿರಲಿಲ್ಲ. ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಯವರು, ಅಲ್ಲಿ ಅಕ್ಕ ಇದ್ದಾಳೆ ಎಂದಷ್ಟೇ ಗೊತ್ತು. ಹೆಂಡತಿಯ ವಿಷಯ ಒಮ್ಮೆ ಕೇಳಿದೆ. "ಇದ್ಲು" ಎಂದರು, ನಟ್ಟು ಬಿಚ್ಚುವ ಪಾನಾ ಹುಡುಕುತ್ತ. ಷೆಡ್ಡಿನ ಹಿಂದೆ ಒಂದು ಕೋಣೆ. ಮಧ್ಯಾಹ್ನ ಖಾನಾವಳಿಯಿಂದ ರೊಟ್ಟಿ, ಪಲ್ಯ ತರಿಸಿ, ದುರಸ್ತಿಗೆ ಬಂದ ಯಾವುದಾದರೂ ಗಾಡಿಯ ಹಿಂದಿನ ಬಾಗಿಲನ್ನು ಕೆಳಗಿಳಿಸಿ, ಅದರ ಮೇಲೆ ಕಾಲು ಇಳಿಬಿಟ್ಟು ಕೂತು ಉಣ್ಣುತ್ತಿದ್ದರು. ಗಾಡಿಯವನಿಗೂ ಅರ್ಧ ರೊಟ್ಟಿ. ಒಲ್ಲೆ ಎಂದರೆ ಸಿಟ್ಟು.

ಅವರ ಕಿವಿ ವಿಚಿತ್ರವಾದದ್ದು. ಮಾತಿನ ನಡುವೆ ರಸ್ತೆಯಲ್ಲಿ ಗಾಡಿಯೊಂದು ನಿಧಾನಿಸಿ ಮುಂದೆ ಹೋದರೆ, ತಲೆ ಎತ್ತದೆಯೇ ಹೇಳುತ್ತಿದ್ದರು: "ಹೊರ್ತಿ ಗಾಡಿ. ಹಿಂದಿನ ಬಲಗಾಲಿ ಬ್ರೇಕ್ ಲೈನರ್ ಮುಗದೈತಿ." ಎದ್ದು ನೋಡಿದರೆ ಹೊರ್ತಿಯದೇ.

ದೀಪ ಆರಿಸಿಕೊಡಿ ಎಂದು ಬರುವವರು ಬಹಳ. ಸೆನ್ಸರ್ ಕೆಟ್ಟರೆ ಅದು ದೂರದ ಊರಿನಿಂದ ಬರಬೇಕು, ದಿನ ಹಿಡಿಯುತ್ತದೆ. ಗಾಡಿಯ ಪಾಸಿಂಗ್, ಅಂದರೆ ಆರ್‌ಟಿಒ ತಪಾಸಣೆ, ಹತ್ತಿರ ಬಂದಿರುತ್ತದೆ. ದೀಪದ ತಂತಿ ಕತ್ತರಿಸಿದರೆ ಪಾಸಿಂಗಿನಲ್ಲಿ ಸಿಕ್ಕಿಬೀಳುತ್ತಾರೆ, ಏಕೆಂದರೆ ಚಾವಿ ತಿರುಗಿಸಿದಾಗ ಆ ದೀಪ ಒಮ್ಮೆ ಹತ್ತಿ ಆರಬೇಕು. ಅದಕ್ಕೆ ಒಂದು ಉಪಾಯವಿದೆ. ಈ ದೀಪದ ತಂತಿಯನ್ನು ಎಂಜಿನ್ ಆಯಿಲಿನ ದೀಪದ ತಂತಿಗೆ ಜೋಡಿಸುವುದು. ಚಾವಿ ತಿರುಗಿಸಿದರೆ ಎರಡೂ ಹತ್ತುತ್ತವೆ, ಎಂಜಿನ್ ಶುರುವಾದರೆ ಎರಡೂ ಆರುತ್ತವೆ. ನೋಡಿದವರಿಗೆ ಎಲ್ಲ ಸರಿಯಾಗಿದೆ. ಒಳಗೆ ಎಬಿಎಸ್ ಸತ್ತಿದೆ.

ಇದನ್ನು ಅವರು ಯಾರಿಗೂ ಮಾಡಿಕೊಡಲಿಲ್ಲ.

"ಜ್ವರ ಬಂದಾಗ ಡಾಕ್ಟರ್ ಕಡೆ ಹೋಗಿ ಥರ್ಮಾಮೀಟರ್ ಒಡೀರಿ ಅಂತೀಯೇನು?" ಎಂದು ಒಬ್ಬ ಡ್ರೈವರನಿಗೆ ಜೋರು ಮಾಡಿದರು.

"ನೀ ಡಾಕ್ಟರ್ ಆಗಿದ್ರ ಪೇಶಂಟ್ ಎಲ್ಲಾ ಬ್ಯಾರೆ ಊರಿಗೆ ಓಡಿ ಹೋಗ್ತಿದ್ರು ಕಾಕಾ," ಎಂದು ಅವನು ತಿರುಗಿ ಅಂದ. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಕೈಗೆ ಗ್ರೀಸ್ ಇರುತ್ತಿದ್ದರಿಂದ ಮೀಸೆಗೂ ಹತ್ತುತ್ತಿತ್ತು.

ಮುಂದಿನ ವರ್ಷ ನನ್ನ ಗಾಡಿಯ ದೀಪ ಮತ್ತೆ ಹತ್ತಿತು. ಈ ಸಲ ಕಸವಲ್ಲ. ಮುಂದಿನ ಗಾಲಿಯ ಸೆನ್ಸರೇ ಹೋಗಿತ್ತು. ಹೊಸದು ಬರಲು ಎಂಟು ದಿನ ಬೇಕು ಎಂದರು ಮಿಸ್ತ್ರಿ. ಪಾಸಿಂಗ್ ಆ ವಾರದಲ್ಲೇ ಇತ್ತು. ತೋಟಗಳಲ್ಲಿ ಕಾಯಿ ಬಿದ್ದು ಮೆತ್ತಗಾಗುತ್ತಿದ್ದವು. ಮೆತ್ತಗಾದ ನಿಂಬೆಯನ್ನು ನಮ್ಮ ಪೇಟೆಗಳಲ್ಲಿ ಮೂಸಿ ನೋಡುವವರಿಲ್ಲ.

"ಎಂಟ ದಿನ ನಿಲ್ಲಸ್ರಿ ಮಾಲಕ್ರ. ಪಾಸಿಂಗ್ ತಡ ಆದ್ರ ಆಗಲಿ."

"ಆ ಆಯಿಲ್ ದೀಪದ ಜೋಡಿ ಹಚ್ಚಿ ಕೊಡ್ರಲ್ಲ. ಎಂಟ ದಿನ ಅಷ್ಟ. ಸೆನ್ಸರ್ ಬಂದ ಮ್ಯಾಲ ನೀವ ಬಿಚ್ಚರಿ."

ಅವರು ನನ್ನನ್ನು ನೋಡಿದರು. ಆ ನೋಟವನ್ನು ಬರೆಯಲು ಹೋದರೆ ಈಗ ಕೂತು ಹೊಸದಾಗಿ ಮಾಡಿದ್ದಾಗುತ್ತದೆ. ಬಿಡುತ್ತೇನೆ. ಅವರು ಹೇಳಿದ್ದು ಇಷ್ಟೇ:

"ನನ್ನ ಕೈಲೆ ಆಗಂಗಿಲ್ರಿ."

ನಾನು ಗಾಡಿಯನ್ನು ಬೇರೆಯವನೊಬ್ಬನಿಂದ ಓಡಿಸಿಕೊಂಡು ಬೇರೆ ಊರಿಗೆ ಹೋದೆ. ಅರ್ಧ ಗಂಟೆಯಲ್ಲಿ ಕೆಲಸ ಆಯಿತು. ಪಾಸಿಂಗ್ ಆಯಿತು. ಮಾಳಪ್ಪನಿಗೆ ಗಾಡಿ ದುರಸ್ತಿಯಾಯಿತು ಎಂದು ಹೇಳಿದೆ. ಎಂಟು ದಿನ ಎಂದದ್ದು ತಿಂಗಳಾಯಿತು. ಉರಿಯದ ದೀಪ ನೆನಪು ಮಾಡಿಕೊಡುವುದಿಲ್ಲ.

ಮಾಳಪ್ಪ ಬಸವನ ಬಾಗೇವಾಡಿಯಲ್ಲಿ ಅರ್ಧ ಮಾಲು ಇಳಿಸಿ ಮುದ್ದೇಬಿಹಾಳದ ಕಡೆ ಹೊರಟಿದ್ದ. ಬೆಳಿಗ್ಗೆ ಹತ್ತರ ಸುಮಾರು. ಕಬ್ಬಿನ ಟ್ರ್ಯಾಕ್ಟರುಗಳು ಹೊಲದಿಂದ ಹೊತ್ತು ತಂದ ಎರೆಮಣ್ಣು ಡಾಂಬರಿನ ಮೇಲೆ ಬಿದ್ದಿತ್ತು. ಅದರ ಮೇಲೆ ಅಕಾಲದ ಸಣ್ಣ ಹನಿ. ತಿರುವಿನಲ್ಲಿ ಕುರಿಗಳು ಅಡ್ಡ ಬಂದವು. ಮಾಳಪ್ಪ ದೀಪ ನೋಡಿಕೊಂಡೇ ಹೊರಟಿದ್ದವನು. ದೀಪ ಆರಿತ್ತು. ಕಲಿಸಿದ ಹಾಗೆ ಒತ್ತಿ ಹಿಡಿದ. ಬಿಡಲಿಲ್ಲ. ಗಾಲಿಗಳು ಜಾಮ್ ಆದವು. ಎಷ್ಟು ತಿರುಗಿಸಿದರೂ ಸ್ಟೇರಿಂಗ್ ಕೇಳಲಿಲ್ಲ. ಗಾಡಿ ಜಾರುತ್ತ ಹೋಗಿ ಸಣ್ಣ ಸೇತುವೆಯ ಗೋಡೆಗೆ ಬಡಿಯಿತು. ಗೋಡೆಗೂ ಪೆಡಲಿಗೂ ನಡುವೆ ಅವನ ಬಲಗಾಲು ಇತ್ತು, ಇನ್ನೂ ಒತ್ತಿ ಹಿಡಿದಿತ್ತು.

ಜೀವ ಉಳಿಯಿತು. ಮೊಣಕಾಲು ಮತ್ತೆ ಮಡಿಚಲಿಲ್ಲ.

ಆಸ್ಪತ್ರೆಗೆ ಡ್ರೈವರುಗಳು ಗುಂಪು ಗುಂಪಾಗಿ ಬಂದರು. ಎಲ್ಲರೂ ಒಂದೇ ಪ್ರಶ್ನೆ ಕೇಳಿದರು. ಬ್ರೇಕ್ ಹತ್ತಲಿಲ್ಲವೇ? ಮಾಳಪ್ಪ ಎಲ್ಲರಿಗೂ ಒಂದೇ ಉತ್ತರ ಕೊಟ್ಟ.

"ಮಿಸ್ತ್ರಿ ಕಾಕಾ ಹೇಳಿದಂಗ ಒತ್ತಿ ಹಿಡದ್ನಿ. ಬಿಟ್ಟ ಬಿಟ್ಟ ಒತ್ತಿದ್ರ ಉಳೀತಿದ್ನೋ ಏನೋ."

"ಗಾಡಿ ಅವನ ಕಡೇನ ಮಾಡಿಸಿದ್ರೇನು?"

"ಹೌದು, ಹೋದ ತಿಂಗಳ ಅಣ್ಣಾರು ಅವರ ಕಡೇನ ಮಾಡಿಸಿಕೊಂಡ ಬಂದಾರ."

ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಮಾಳಪ್ಪನ ಹೆಂಡತಿ ಕಾಲ್ಗಡೆ ಕೂತಿದ್ದಳು.

ಇಲ್ಲಿ ತಿದ್ದಬೇಕು. ಮಾಳಪ್ಪನಿಗೆ ಗಾಡಿ ದುರಸ್ತಿಯಾಯಿತು ಎಂದು ಹೇಳಿದೆ ಎಂದು ಮೇಲೆ ಬರೆದಿದ್ದೇನೆ. ಎಷ್ಟೋ ವರ್ಷ ನನಗೂ ಹಾಗೇ ನೆನಪಿತ್ತು. ನಡೆದದ್ದು ಅಷ್ಟೇ ಅಲ್ಲ. ಮಾಳಪ್ಪ ಚಾವಿ ತಿರುಗಿಸಿ, ದೀಪ ಆರಿದ್ದನ್ನು ನೋಡಿ, ಸಂತೋಷದಿಂದ ಕೇಳಿದ್ದ: "ಮಿಸ್ತ್ರಿ ಕಾಕಾನ ಮಾಡಿಕೊಟ್ರೇನ್ರಿ ಅಣ್ಣಾರ?"

ನಾನು "ಹ್ಞೂಂ" ಅಂದಿದ್ದೆ.

ಆ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಬೇಕಾಗಿದ್ದದ್ದು ಒಂದು ವಾಕ್ಯ. ಅದನ್ನು ಹೇಳಿದ್ದರೆ ಆ ಕಾಲು ಮುರಿದವನು ನಾನು ಎಂದು ಅವನ ಹೆಂಡತಿಯ ಮುಂದೆ ಹೇಳಿದಂತಾಗುತ್ತಿತ್ತು. ನಾಳೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಮಾತು ಸಿಂದಗಿಯ ಪಿಕಪ್ ಸ್ಟ್ಯಾಂಡಿಗೆ ಹೋಗಿ ಮುಟ್ಟಿತ್ತು. ಅವರು ಕಲಿಸಿದ ಎರಡು ಮಾತಿನಲ್ಲಿ ಒಂದು ದಾರಿಯಲ್ಲೇ ಬಿದ್ದುಹೋಗಿತ್ತು. 'ಒತ್ತಿ ಹಿಡಿ ಅಂತ ಕಲಸ್ತಾನ, ಹುಷಾರ್' ಎಂಬುದಷ್ಟೇ ಊರಿಂದೂರಿಗೆ ಓಡಿತು.

ಒಂದು ದಿನ ಅವರು ಬಸ್ಸು ಹತ್ತಿ ಇಂಡಿಗೆ ಬಂದರು. ನುಜ್ಜುಗುಜ್ಜಾದ ಗಾಡಿ ನನ್ನ ಗೋದಾಮಿನ ಅಂಗಳದಲ್ಲಿತ್ತು. ನಮಸ್ಕಾರ ಮಾಡಿ, ಚಾವಿ ಕೇಳಿದರು. ಕಿತ್ತುಹೋದ ಬಾಗಿಲಿನ ಜಾಗದಲ್ಲಿ ಒಳಗೆ ತೂರಿ ಕೂತರು. ಚಪ್ಪಲಿ ಬಿಟ್ಟರು. ಪೆಡಲು ಒಳಗೆ ಮಡಚಿ ಹೋಗಿತ್ತು, ಕಾಲಿಡಲು ಜಾಗವಿರಲಿಲ್ಲ. ಆದರೂ ಬಿಟ್ಟರು. ಚಾವಿ ತಿರುಗಿಸಿದರು. ಎರಡು ದೀಪ ಹತ್ತಿದವು. ಎಂಜಿನ್ ಒಂದು ಕ್ಷಣ ಶುರುವಾಗಿ ಕೆಮ್ಮಿತು. ಎರಡೂ ದೀಪ ಆರಿದವು, ಒಟ್ಟಿಗೆ.

ಬಗ್ಗಿ ಆ ದೀಪಗಳ ಮೇಲಿನ ಗಾಜನ್ನು ಹೆಬ್ಬೆರಳಿನಿಂದ ಒರೆಸಿದರು.

"ಎರಡೂ ಕೂಡೇ ಹೋದವು ನೋಡ್ರಿ," ಎಂದರು.

ಚಾವಿ ಬಿಡದೆ ನನ್ನ ಕಡೆ ತಿರುಗಿದರು.

"ಮಾಳಪ್ಪಗ ಗೊತ್ತೈತೇನ್ರಿ?"

ಇಲ್ಲಿ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು "ಇಲ್ರಿ, ಹೇಳ್ತೇನಿ" ಎನ್ನುತ್ತೇನೆ. ಇನ್ನೊಂದರಲ್ಲಿ ಗೋದಾಮಿನ ಒಳಗೆ ಯಾರೋ ಕರೆದಂತಾಗಿ ಎದ್ದು ಹೋಗುತ್ತೇನೆ. ಮೊದಲನೆಯದು ಸ್ವಲ್ಪ ಚೊಕ್ಕಟವಾಗಿದೆ, ಆದ್ದರಿಂದ ಎರಡನೆಯದೇ ನಿಜವಿರಬೇಕು.

ಮರಳಿ ಬಂದಾಗ ಅವರು ದೀಪಗಳ ಫಲಕ ಬಿಚ್ಚಿ, ಆ ಕಳ್ಳ ಜೋಡಣೆಯನ್ನು ಕತ್ತರಿಸಿ, ಎರಡು ತಂತಿಗಳನ್ನು ಅವುಗಳ ಮೂಲ ಜಾಗಕ್ಕೆ ಸೇರಿಸಿ ಟೇಪು ಸುತ್ತುತ್ತಿದ್ದರು. ಗುಜರಿಗೆ ಹೋಗುವ ಗಾಡಿ. ಮತ್ತೆ ಚಾವಿ ತಿರುಗಿಸಿ ಎಂಜಿನ್ ಕೆಮ್ಮಿಸಿದರು. ಹಳದಿ ದೀಪ ಆರದೆ ಉರಿಯಿತು. ಅದನ್ನು ನೋಡಿ, ಚಾವಿ ತೆಗೆದು ನನ್ನ ಕೈಗೆ ಕೊಟ್ಟರು. ಕತ್ತರಿಸಿದ ತಂತಿಯ ತುಂಡನ್ನು ಜೇಬಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅದು ನನ್ನ ವಿರುದ್ಧದ ಒಂದೇ ಸಾಕ್ಷಿಯಾಗಿತ್ತು. ನನ್ನನ್ನು ಕಾಯಲು ಹಾಗೆ ಮಾಡಿದರೋ, ಕೆಟ್ಟ ಕೆಲಸವನ್ನು ಹಾಗೇ ಬಿಟ್ಟು ಹೋಗಲಾರದೆ ಮಾಡಿದರೋ, ನನಗೆ ಗೊತ್ತಿಲ್ಲ.

ಒಂದು ಸುಗ್ಗಿ ಮುಗಿಯುವಷ್ಟರಲ್ಲಿ ಅವರ ಷೆಡ್ಡು ಖಾಲಿಯಾಯಿತು. ನಾನು ಹೊಸ ಗಾಡಿ ಕೊಂಡೆ. ಓಡಿಸಲು ಬೇರೆಯವನು ಬಂದ. ಮಾಳಪ್ಪನಿಗೆ ಗೋದಾಮಿನಲ್ಲಿ ಕಾಯಿ ಆರಿಸುವ ಕೆಲಸ ಕೊಟ್ಟೆ. ಊರವರು ನನ್ನನ್ನು ಒಳ್ಳೆಯ ಮಾಲಕ ಎಂದರು.

ಸಿಂದಗಿಗೆ ಹೋಗುವಾಗ ಗಾಡಿಯ ಕಿಟಕಿಯಿಂದ ಅವರು ಕಾಣುತ್ತಿದ್ದರು. ಷೆಡ್ಡಿನ ಮುಂದೆ ಹಳೆಯ ಟಯರಿನ ಮೇಲೆ ಕೂತು ರಸ್ತೆಗೆ ಕಿವಿ ಕೊಟ್ಟಿರುತ್ತಿದ್ದರು. ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಅವರೇ ಸರಿಮಾಡಿದ ಗಾಡಿಗಳು ಅವರೆದುರೇ ನಿಲ್ಲದೆ ಹೋಗುತ್ತಿದ್ದವು. ಪ್ರತಿಯೊಂದರ ಯಾವ ಗಾಲಿಗೆ ಏನಾಗಿದೆ ಎಂದು ಅವರಿಗೆ ಗೊತ್ತಾಗುತ್ತಿರಬೇಕು. ತುಟಿಗಳು ಅಲುಗುತ್ತಿದ್ದವು. ಒಂದು ಮಧ್ಯಾಹ್ನ ನೋಡಿದೆ, ಕೈಯಲ್ಲಿ ರೊಟ್ಟಿ ಹಿಡಿದು ನಿಂತುಕೊಂಡೇ ಉಣ್ಣುತ್ತಿದ್ದರು. ಕೂತು ಉಣ್ಣಲು ಗಾಡಿ ಇರಲಿಲ್ಲ.

ಕಳೆದ ವರ್ಷ ಒಮ್ಮೆ ನಿಲ್ಲಿಸಿದೆ. ಅಷ್ಟರಲ್ಲಿ ಓಡಿಸಲು ಕಲಿತು, ನಾನೇ ಓಡಿಸಿಕೊಂಡು ಬಂದಿದ್ದೆ. ಹೇಳಿಬಿಡಬೇಕು ಎಂದೇ ಇಳಿದೆ. ಅವರು ಎದ್ದು, ಹೆಗಲ ಮೇಲಿನ ಪಂಚೆಯಿಂದ ಟಯರಿನ ಧೂಳು ಒರೆಸಿ, "ಬರ್ರಿ ಮಾಲಕ್ರ, ಕುಂಡ್ರಿ" ಎಂದರು. ಕೂತೆ. ಅವರು ನಿಂತೇ ಇದ್ದರು. ಚಹಾ ತರಿಸಿದರು. ಮಳೆಯ ಮಾತು, ತೊಗರಿಯ ಮಾತು ಆಯಿತು.

"ಮಾಳಪ್ಪ ಹೆಂಗ ಅದಾನ್ರಿ?"

"ಆರಾಮ ಅದಾನ. ನನ್ನ ಕಡೇನ ಅದಾನ."

"ಚಲೋ ಆತು. ಕಾಲಿಗೆ ಥಂಡಿ ಹತ್ತಬಾರದು ಅವಗ. ಒಂದ ಹೊಚ್ಚಗಿ ಕೊಡ್ರಿ," ಎಂದರು.

ನಾನು ಕಪ್ಪು ಕೆಳಗಿಟ್ಟು, "ಮಿಸ್ತ್ರೀ, ಒಂದ ಮಾತ" ಎಂದೆ.

"ಹ್ಞಾಂ, ನಾನೂ ಹೇಳಬೇಕಂತಿದ್ನಿ. ನೀವು ಬರೂಮುಂದ ಕೇಳಿಸ್ತು. ಮುಂದಿನ ಬಲಗಾಲಿ ಬೇರಿಂಗ್ ಕೂಗಾಕತ್ತೈತಿ. ಬೇರಿಂಗ್ ಸಡ್ಲಾತಂದ್ರ ಸೆನ್ಸರ್ ಲೆಕ್ಕ ತಪ್ತೈತಿ. ತಡ ಮಾಡಬ್ಯಾಡ್ರಿ, ಯಾರಿಗ್ಯರ ತೋರಸ್ರಿ."

ಯಾರಿಗಾದರೂ ತೋರಿಸಿ. ನನಗೆ ತೋರಿಸಿ ಎನ್ನಲಿಲ್ಲ. ಗಾಡಿ ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿತ್ತು. ನಾನು ಹ್ಞೂಂ ಎಂದೆ. ಮತ್ತೆ ಅದೇ ಹ್ಞೂಂ. ಬೇರಿಂಗನ್ನು ವಿಜಯಪುರದಲ್ಲಿ ಹಾಕಿಸಿದೆ.

ಅವರು ಯಾವಾಗ ಷೆಡ್ಡಿಗೆ ಬೀಗ ಹಾಕಿ ಅಕ್ಕನ ಊರಿಗೆ ಹೋದರೋ ತಿಳಿಯದು. ತೀರಿಕೊಂಡ ಸುದ್ದಿ ಮುದ್ದೇಬಿಹಾಳದ ಪೇಟೆಯಿಂದ, ಮಾಲಿನ ಮಾತಿನ ನಡುವೆ, ಹನ್ನೆರಡು ದಿನ ಕಳೆದ ಮೇಲೆ ಬಂತು. ಫೋನಿಟ್ಟು ಗೋದಾಮಿನೊಳಗೆ ಹೋದೆ. ಮಾಳಪ್ಪ ಮಡಿಚದ ಕಾಲು ಚಾಚಿಕೊಂಡು ಕಾಯಿ ಆರಿಸುತ್ತಿದ್ದ. ದಪ್ಪದವು ಒಂದು ಕಡೆ, ಸಣ್ಣವು ಒಂದು ಕಡೆ, ಕಲೆ ಬಿದ್ದವು ಹಿಂದಕ್ಕೆ. ಹೇಳಿದೆ. ಅವನು ಕಾಯಿ ಆರಿಸುತ್ತಲೇ ಮಾತಾಡಿದ.

"ನಿಮಗೊಂದ ಹೇಳಿಲ್ರಿ ಅಣ್ಣಾರ. ಮೊದಲ ಸಲ ದೀಪ ಹತ್ತಿತ್ತಲ್ಲ, ಆವಾಗ ಗಾಲ್ಯಾಗ ಸಿಕ್ಕಿದ್ದು ಕಸ ಅಲ್ರಿ. ನಾ ಕಟ್ಟಿದ್ದ ಕರಿ ದಾರ."

"ಎಂಥಾ ದಾರ?"

"ದೃಷ್ಟಿಗಿ ಕಟ್ಟೂದು. ಮುಂದ ಕಟ್ಟಿದ್ರ ನೀವು ಕಿತ್ತ ಒಗದ್ರಿ, ಮಂದಿ ನಕ್ರು. ಅದಕ್ಕ ನಿಮಗ ಕಾಣಬಾರದಂತ ಗಾಲಿ ಒಳಗಡೆ ಕಟ್ಟಿದ್ನಿ. ಅದು ಹರದು ಆ ಹಲ್ಲಿನ ಬಳ್ಯಾಗ ಸುತ್ತಿತ್ತು. ಅಣ್ಣಾರಿಗೆ ಹೇಳಬ್ಯಾಡ ಕಾಕಾ ಅಂತ ಕೈ ಮುಗದ್ನಿ. ಅವರು ಬೈಲಿಲ್ಲ. ಬಿಡಿಸಿ ತಗದು, ಗಾಡಿ ಕೆಳಗಿನ ಸ್ಪ್ರಿಂಗ್ ಪಾಟಾಕ್ಕ ಕಟ್ಟಿ ಕೊಟ್ರು. ದೇವರಿಗೆ ಅಲ್ಲಾದ್ರೂ ನಡೀತೈತಿ, ಇಲ್ಲಿ ಬ್ಯಾಡ ತಮ್ಮಾ ಅಂದ್ರು. ಯಾರಿಗೂ ಹೇಳಲಿಲ್ಲ ನೋಡ್ರಿ, ಕಡೀತನಕ."

ನಾನು ಒಂದು ಖಾಲಿ ಡಬ್ಬ ಬೋರಲು ಹಾಕಿಕೊಂಡು ಅವನೆದುರು ಕೂತೆ. ಆಯಿಲ್ ದೀಪದ ತಂತಿಯಿಂದ ಹಿಡಿದು ಹ್ಞೂಂ ಎಂದದ್ದರವರೆಗೆ ಹೇಳಿದೆ. ಮಾತುಗಳನ್ನು ಜೋಡಿಸಿಕೊಳ್ಳದೆ, ಬಂದಂತೆ ಹೇಳಿದೆ. ಹೇಳುವಾಗ ಅವನ ಕಾಲು ನೋಡಲಾಗದೆ ಕಾಯಿಗಳನ್ನು ನೋಡುತ್ತಿದ್ದೆ.

ಮಾಳಪ್ಪ ಬಹಳ ಹೊತ್ತು ಒಂದೇ ಕಾಯಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಬೈಯಲಿ ಎಂದು ಕಾದೆ. ಅವನು ಕೇಳಿದ್ದು ಬೇರೆ.

"ಹಂಗಾದ್ರ ನಾ ಸರಿಯಾಗೇ ಒತ್ತಿದ್ನೇನ್ರಿ?"

ಇಷ್ಟು ವರ್ಷ ಅವನು ತನ್ನ ಕಾಲನ್ನೇ ಅನುಮಾನಿಸುತ್ತಿದ್ದ ಎಂದು ನನಗೆ ಆಗ ಗೊತ್ತಾಯಿತು.

"ಸರಿಯಾಗೇ ಒತ್ತಿದ್ದಿ ಮಾಳಪ್ಪ. ಅವರೂ ಸರಿಯಾಗೇ ಹೇಳಿದ್ರು."

ಅವನು ಆ ಕಾಯಿಯನ್ನು ದಪ್ಪದ ರಾಶಿಗೆ ಹಾಕಿದ. ಮತ್ತೆ ತೆಗೆದು ಸಣ್ಣದರಲ್ಲಿ ಹಾಕಿದ.

"ಮಂದಿ ಮುಂದ ಅವರ ಹೆಸರ ತಗದಾಂವ ನಾನ. ನನ್ನ ಬಾಯಿಲೆ ಹೇಳಿಸಿದ್ರಿ ನೀವು." ದನಿ ಏರಲಿಲ್ಲ. "ಈಗ ನನ್ನ ಮುಂದ ಕುಂತ ಹೇಳಿದ್ರ ಏನ್ ಬಂತ್ರಿ? ಸಿಂದಗಿ ಸ್ಟ್ಯಾಂಡಿಗೆ ಹೋಗಿ ಹೇಳ್ರಿ. ಅವರ ಹೆಸರ ಕೆಟ್ಟಿದ್ದು ಅಲ್ಲಿ."

ಮರುದಿನ ಹೋದೆ. ಪಿಕಪ್ಪುಗಳು ಬಾಡಿಗೆಗೆ ಕಾದು ನಿಲ್ಲುವ ಸಾಲಿನಲ್ಲಿ ನಾಲ್ಕು ಗಾಡಿಗಳಿದ್ದವು. ಚಹಾದಂಗಡಿಯ ಬೆಂಚಿನ ಮೇಲೆ ಮೂವರು ಡ್ರೈವರುಗಳು. ಒಬ್ಬರ ಪರಿಚಯವೂ ಇರಲಿಲ್ಲ. ಅವರಿಗೆ ಚಹಾ ಹೇಳಿ, ಮಿಸ್ತ್ರಿಯ ಪೂರ್ತಿ ಹೆಸರು ಹೇಳಿದೆ, ತಂದೆಯ ಹೆಸರು, ಊರು ಸಮೇತ.

"ಯಾರ್ರಿ ಅವರು?"

ಇಂಡಿ ರಸ್ತೆಯ ಷೆಡ್ಡು ಎಂದೆ. ಬೀಗ ಹಾಕಿದ್ದಲ್ಲ, ಅದೇ. ಒಬ್ಬ ಇನ್ನೊಬ್ಬನ ಮುಖ ನೋಡಿದ. ಅಲ್ಲಿ ಪೈಪಿನ ಅಂಗಡಿ ಬರುತ್ತದಂತೆ ಎಂದ ಮೂರನೆಯವನು. ನಾನು ಎಲ್ಲ ಹೇಳಿದೆ. ಕೇಳಿದರು, ಮರ್ಯಾದೆಯಿಂದಲೇ ಕೇಳಿದರು. ಹೇಳುತ್ತಿದ್ದಂತೆ ನನಗೇ ತಿಳಿಯುತ್ತ ಹೋಯಿತು: ಇವರ ಮನಸ್ಸಿನಲ್ಲಿ ಆ ಹೆಸರು ಕೆಟ್ಟಿಲ್ಲ, ಏಕೆಂದರೆ ಇಲ್ಲವೇ ಇಲ್ಲ. ಕೆಟ್ಟ ಹೆಸರನ್ನು ನೆನಪಿಟ್ಟುಕೊಂಡವನು ಈ ಸಾಲಿನಲ್ಲಿ ನಾನೊಬ್ಬನೇ.

ನಾನು ಮುಗಿಸಿದ ಮೇಲೆ ಅವರಲ್ಲಿ ಹಿರಿಯ ಕೇಳಿದ: "ಆಮ್ಯಾಲ ಗಾಡಿ ಏನ್ ಮಾಡಿದ್ರಿ? ಗುಜರಿಗೆ ಹಾಕಿದ್ರೇನು?"

"ಹಾಕಿದ್ನಿ."

"ಎಂಜಿನ್ ಚಲೋ ಇತ್ತಂದ್ರ ಮಾರಬೇಕಿತ್ರಿ," ಎಂದ. ಕಪ್ಪು ಕೆಳಗಿಟ್ಟು ಎದ್ದು ಹೋದ. ಹಿಂದೆಯೇ ಹೋಗಿ, ಅವನು ಚಾವಿ ತಿರುಗಿಸಿದ್ದನ್ನು ಅವನ ಗಾಡಿಯ ಕಿಟಕಿಯಿಂದ ನೋಡಿದೆ. ಹಳದಿ ದೀಪ ಹತ್ತಿತು. ಎಂಜಿನ್ ಶುರುವಾಯಿತು. ದೀಪ ಆರಿತು. ಒಂಟಿಯಾಗಿ ಆರಿತೋ, ಆಯಿಲ್ ದೀಪದ ಜೊತೆಗೂಡಿ ಆರಿತೋ ನನಗೆ ತಿಳಿಯಲಿಲ್ಲ.

ಇಂಡಿಗೆ ಹಿಂತಿರುಗುವಾಗ ಷೆಡ್ಡಿನ ಹತ್ತಿರ ನಿಧಾನಿಸಿದೆ. ಟಯರು ಇನ್ನೂ ಅಲ್ಲೇ ಇತ್ತು. ಕಿಟಕಿ ಇಳಿಸಿದ್ದರಿಂದಲೋ ಏನೋ, ನನ್ನ ಗಾಡಿಯ ಯಾವುದೋ ಗಾಲಿಯಿಂದ ಸಣ್ಣ ಕೂಗೊಂದು ಕೇಳಿಸಿತು. ನಿಲ್ಲಿಸಿದೆ. ನಿಲ್ಲಿಸಿದರೆ ಅದೂ ನಿಂತಿತು. ಮತ್ತೆ ಹೊರಟೆ, ಮತ್ತೆ ಬಂತು. ಆ ನಾಲ್ಕು ಹೆಜ್ಜೆ ಜಾಗದಲ್ಲಿ ಮೂರು ಸಲ ಹಿಂದೆ ಮುಂದೆ ಮಾಡಿದೆ. ಯಾವ ಗಾಲಿ ಎಂದು ಗೊತ್ತಾಗಲಿಲ್ಲ. ಯಾರಿಗಾದರೂ ತೋರಿಸಬೇಕು.